ಯಾರ ಕಡೆಯವರು ಎಂಬ ಪ್ರಶ್ನೆ

ಬಾಗಲಕೋಟೆ ಜಿಲ್ಲೆಯ ಹುನಗುಂದ ವಿಧಾನಸಭಾ ಕ್ಷೇತ್ರ 2008ರಲ್ಲಿ ಬಿಜೆಪಿಯ ದೊಡ್ಡನಗೌಡ ಪಾಟೀಲರನ್ನು ಗೆಲ್ಲಿಸಿತು. 2013ರಲ್ಲಿ ಕಾಂಗ್ರೆಸ್ಸಿನ ವಿಜಯಾನಂದ ಕಾಶಪ್ಪನವರ ಗೆದ್ದರು. 2018ರಲ್ಲಿ ಮತ್ತೆ ದೊಡ್ಡನಗೌಡ, 2023ರಲ್ಲಿ ಮತ್ತೆ ವಿಜಯಾನಂದ. ಹದಿನೈದು ವರ್ಷಗಳ ಈ ನಾಲ್ಕು ಚುನಾವಣೆಗಳಲ್ಲಿ ಮರೋಳ, ಕೂಡಲಸಂಗಮ, ಇಳಕಲ್ಲಿನ ಮತದಾರರು ಯಾವ ಪಕ್ಷಕ್ಕೂ ಬೆನ್ನುಬೆನ್ನಿಗೆ ಎರಡು ಗೆಲುವು ಕೊಡಲಿಲ್ಲ. ಪಕ್ಕದ ಬಾದಾಮಿಯಲ್ಲಿ 2018ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಿ. ಶ್ರೀರಾಮುಲು ವಿರುದ್ಧ ಗೆದ್ದದ್ದು 1,696 ಮತಗಳಿಂದ. ಆಳುವವರನ್ನು ಬದಲಿಸುವುದು ಇಡೀ ರಾಜ್ಯದ ರೂಢಿಯೂ ಹೌದು. 1985ರ ನಂತರ ಕರ್ನಾಟಕದಲ್ಲಿ ಆಳುವ ಪಕ್ಷ ಚುನಾವಣೆಯಲ್ಲಿ ಗೆದ್ದು ಮತ್ತೆ ಅಧಿಕಾರಕ್ಕೆ ಬಂದದ್ದಿಲ್ಲ.

ಹೀಗೆ ಮತ ಹಾಕುವ ಜನ ಎರಡು ಪಾಳೆಯವಾಗಿ ಒಡೆದುಹೋಗಿದ್ದಾರೆ ಎಂದು ಹೇಳುವುದು ಕಷ್ಟ. ಅವರು ನೋಡುತ್ತಾರೆ, ತೂಗುತ್ತಾರೆ, ಬೇಡವೆನಿಸಿದರೆ ಇಳಿಸುತ್ತಾರೆ. ಒಡೆದಿರುವುದು ಮಾತು. ಟಿವಿ ಚರ್ಚೆಯಲ್ಲಿ, ವೇದಿಕೆಯ ಭಾಷಣದಲ್ಲಿ, ಮೊಬೈಲಿನ ಸ್ಟೇಟಸ್ಸಿನಲ್ಲಿ ಈಗ ಒಬ್ಬ ಬಾಯಿ ತೆರೆದರೆ ಅವನು ಹೇಳಿದ್ದೇನು ಎಂದು ಕೇಳುವ ಮೊದಲೇ ಅವನು ಯಾರ ಕಡೆಯವನು ಎಂಬ ತೀರ್ಮಾನ ಆಗಿಹೋಗಿರುತ್ತದೆ. ಒಂದು ಕಡೆಯಿಂದ ಗಂಜಿಗಿರಾಕಿ, ನಗರ ನಕ್ಸಲ, ಹಿಂದೂ ವಿರೋಧಿ. ಇನ್ನೊಂದು ಕಡೆಯಿಂದ ಅಂಧಭಕ್ತ, ಚಡ್ಡಿ, ಮನುವಾದಿ. ಈ ಹೆಸರುಗಳಲ್ಲಿ ಒಂದನ್ನು ಹಣೆಗೆ ಹಚ್ಚಿದರೆ ಸಾಕು, ಎದುರಿನವನ ವಾದಕ್ಕೆ ಉತ್ತರ ಕೊಡುವ ಹೊಣೆ ತಪ್ಪುತ್ತದೆ. ಆಮೇಲೆ ಜಗಳದ ಮೂಲ ವಿಷಯ ಏನಿತ್ತು ಎಂಬುದು ಯಾರಿಗೂ ಬೇಕಾಗುವುದಿಲ್ಲ. ಈ ಭಾಷೆಯಿಂದ ಆಗಿರುವ ದೊಡ್ಡ ನಷ್ಟ ಇದು.

ಉದಾರವಾದಿ, ಸಂಪ್ರದಾಯವಾದಿ ಎಂಬ ಗೆರೆಯನ್ನು ನಾವು ಹೊರಗಿನಿಂದ ತಂದುಕೊಂಡ ರೀತಿಯಲ್ಲೂ ಒಂದು ಎಡವಟ್ಟಿದೆ. ಅಮೆರಿಕದಲ್ಲಿ ಶಾಂತೊ ಅಯ್ಯಂಗಾರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೆಸರಾಗಿದೆ. ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಸರ ಎಂದವರು 1960ರಲ್ಲಿ ಎರಡೂ ಪಕ್ಷಗಳಲ್ಲಿ ನೂರಕ್ಕೆ ನಾಲ್ಕೈದು ಮಂದಿ ಇದ್ದರು. 2010ರ ಹೊತ್ತಿಗೆ ಅದು ಡೆಮಾಕ್ರಟರಲ್ಲಿ ಮೂರನೇ ಒಂದು ಪಾಲು, ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟಾಗಿತ್ತು. ಬಾಗಲಕೋಟೆ ಜಿಲ್ಲೆಯಲ್ಲಿ ಯಾರೂ ಬೀಗತನ ಬೆಳೆಸುವಾಗ ಪಕ್ಷ ಕೇಳುವುದಿಲ್ಲ, ಜಾತಿ ಕೇಳುತ್ತಾರೆ. ಅಣ್ಣ ಒಂದು ಪಕ್ಷದ ತಾಲ್ಲೂಕು ಅಧ್ಯಕ್ಷ, ತಮ್ಮ ಇನ್ನೊಂದರ ಕಾರ್ಯಕರ್ತ ಆಗಿರುವ ಮನೆಗಳು ಉತ್ತರ ಕರ್ನಾಟಕದಲ್ಲಿ ಬೇಕಾದಷ್ಟಿವೆ. ಜಾತಿಯ ಮೇಲುಕೀಳನ್ನು ಒಪ್ಪದ, ದೇವಸ್ಥಾನದ ಪೂಜಾರಿಕೆಯನ್ನು ಪ್ರಶ್ನಿಸುವ ಬಸವಭಕ್ತ ಬಿಜೆಪಿಗೆ ಮತ ಹಾಕುತ್ತಾನೆ. ಮನೆಯೊಳಗೆ ಹಳೆಯ ಕಟ್ಟಳೆ ಒಂದನ್ನೂ ಬಿಡದವನು ಕಾಂಗ್ರೆಸ್ ಧ್ವಜ ಹಿಡಿಯುತ್ತಾನೆ. ಇಂಥ ಜನರನ್ನು ಎಡ ಬಲ ಎಂಬ ಎರಡೇ ಗೂಡಿಗೆ ತುರುಕುವ ಭಾಷೆ ಅವರ ಬಗ್ಗೆ ಏನನ್ನೂ ತಿಳಿಸುವುದಿಲ್ಲ.

ಈ ಜಿಲ್ಲೆಗೆ ಉದಾರ, ಸಂಪ್ರದಾಯ ಎಂಬ ಎರಡು ದೃಷ್ಟಿಗಳ ನಡುವಣ ವಾದ ಹೊಸದಲ್ಲ. ಬಾದಾಮಿ ತಾಲ್ಲೂಕಿನ ಮಲಪ್ರಭೆಯ ದಂಡೆಯಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರ ಇದೆ. ವೀರಶೈವ ಪರಂಪರೆಯಲ್ಲಿ ಸ್ವಾಮಿಗಳನ್ನು ತಯಾರು ಮಾಡಿದ ದೊಡ್ಡ ಸಂಸ್ಥೆ ಅದು. ಮಲಪ್ರಭೆ ಕೃಷ್ಣೆಗೆ ಸೇರುವಲ್ಲಿ ಬಸವಣ್ಣನವರ ಐಕ್ಯಸ್ಥಳ ಕೂಡಲಸಂಗಮ. ಬಸವ ಧರ್ಮವೇ ಬೇರೆ ಎಂದು ಸಾರಿದ ಮಾತೆ ಮಹಾದೇವಿಯವರ ಕಾರ್ಯಕ್ಷೇತ್ರವೂ ಇದೇ. ಅವರು ಬಸವಣ್ಣನವರ ವಚನಗಳ ಅಂಕಿತವನ್ನು ‘ಲಿಂಗದೇವ’ ಎಂದು ತಿದ್ದಿದ ಪುಸ್ತಕವನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿತು. ಆ ಕ್ರಮವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2017ರಲ್ಲಿ. ಒಂದೇ ನದಿಯ ದಂಡೆಗುಂಟ ಪರಂಪರೆಯನ್ನು ಕಾಯುವವರೂ ಅದನ್ನು ತಿದ್ದಹೊರಟವರೂ ಬಾಳಿದ್ದಾರೆ, ಜಗಳವಾಡಿದ್ದಾರೆ.

ಅಂಥ ಜಗಳ ಹೇಗಿರಬಹುದು ಎಂಬುದಕ್ಕೆ ಎಂ. ಎಂ. ಕಲಬುರ್ಗಿ ಮತ್ತು ಎಂ. ಚಿದಾನಂದಮೂರ್ತಿ ಅವರ ಭಿನ್ನಾಭಿಪ್ರಾಯವನ್ನು ನೋಡಬೇಕು. ಇಬ್ಬರೂ ಶಾಸನ ಓದಿ ಬೆಳೆದವರು, ಇಬ್ಬರೂ ವಚನ ಸಾಹಿತ್ಯದ ವಿದ್ವಾಂಸರು, ಇಬ್ಬರಿಗೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಲಿಂಗಾಯತ ಬಸವಣ್ಣನವರಿಂದ ಹುಟ್ಟಿದ ಬೇರೆಯೇ ಧರ್ಮ, ವೀರಶೈವ ಆಮೇಲೆ ಬಂದು ಸೇರಿಕೊಂಡದ್ದು ಎಂಬುದು ಕಲಬುರ್ಗಿಯವರ ನಿಲುವು. ಎರಡೂ ಒಂದೇ, ಅದು ಹಿಂದೂ ಧರ್ಮದೊಳಗಿನದು ಎಂಬುದು ಚಿದಾನಂದಮೂರ್ತಿಯವರ ನಿಲುವು. ಈ ಎರಡು ನಿಲುವುಗಳಿಗೆ ರಾಜಿ ಇಲ್ಲ. ಹಾಗಿದ್ದರೂ ಆ ವಾದ ಶಾಸನದ ಸಾಲು, ಹಸ್ತಪ್ರತಿಯ ಪಾಠ, ಕಾವ್ಯದ ಕಾಲ ಇವುಗಳ ಮೇಲೆ ನಿಂತಿತ್ತು. ಓದುವವನು ಎರಡೂ ಪುಸ್ತಕ ತೆರೆದು ಯಾರ ಆಧಾರ ಗಟ್ಟಿ ಎಂದು ನೋಡಬಹುದಿತ್ತು. ಕಲಬುರ್ಗಿಯವರನ್ನು ಒಪ್ಪದವನೂ ಸಮಗ್ರ ವಚನ ಸಂಪುಟಗಳ ಹಿಂದಿನ ಅವರ ದುಡಿಮೆಯನ್ನು ಬಿಟ್ಟು ಮುಂದೆ ಹೋಗಲಾರ. ಚಿದಾನಂದಮೂರ್ತಿಯವರ ರಾಜಕೀಯ ಒಪ್ಪದವನಿಗೂ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ ಬೇಕೇ ಬೇಕು.

ಹಿಂದಿನ ಕಾಲವೆಲ್ಲ ಸಭ್ಯವಾಗಿತ್ತು ಎಂದರೆ ಸುಳ್ಳಾಗುತ್ತದೆ. 1980ರ ದಶಕದ ಕೊನೆಗೆ ತಮ್ಮ ‘ಮಾರ್ಗ’ ಪುಸ್ತಕದ ಬರಹಗಳ ಮೇಲೆ ಗದ್ದಲ ಎದ್ದಾಗ ಕಲಬುರ್ಗಿಯವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಕುಟುಂಬದ ಜೀವ ಉಳಿಸಲು ಹಾಗೆ ಮಾಡಿದ್ದಾಗಿ, ಅದು ತಮ್ಮ ಬೌದ್ಧಿಕ ಆತ್ಮಹತ್ಯೆ ಎಂಬರ್ಥದಲ್ಲಿ ಅವರು ಆಗ ಹೇಳಿದ್ದರು. ಅಂದರೆ ಬೆದರಿಕೆ ಆಗಲೂ ಇತ್ತು. ಆದರೆ ಆ ಗದ್ದಲವಾದರೂ ಅವರು ಬರೆದ ಮಾತಿನ ಮೇಲೆಯೇ ಎದ್ದಿತ್ತು. 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದಾಗ, ಒಬ್ಬ ಕಾರ್ಯಕರ್ತ ಟ್ವಿಟರಿನಲ್ಲಿ ಸಂಭ್ರಮಿಸಿ ಬರೆದು ಪೊಲೀಸರ ಕೈಗೆ ಸಿಕ್ಕ. ಅದಕ್ಕೆ ಒಂದು ವರ್ಷ ಮೊದಲು ಯು. ಆರ್. ಅನಂತಮೂರ್ತಿ ತೀರಿಕೊಂಡಾಗ ಕೆಲವು ಊರುಗಳಲ್ಲಿ ಪಟಾಕಿ ಹೊಡೆದಿದ್ದರು. ಹಾಗೆ ಕುಣಿದವರಲ್ಲಿ ‘ಮಾರ್ಗ’ದ ಒಂದು ಪುಟವನ್ನೋ ‘ಸಂಸ್ಕಾರ’ದ ಒಂದು ಅಧ್ಯಾಯವನ್ನೋ ಓದಿದವರು ಎಷ್ಟು ಜನ ಇದ್ದಾರು?

ಉದಾರವಾದಿಗಳ ಪಾಳೆಯದ ದೋಷ ಬೇರೆ ಬಗೆಯದು. ಅದನ್ನು ಕೊಲೆಯ ಪಕ್ಕದಲ್ಲಿಟ್ಟು ಸರಿದೂಗಿಸುವುದು ಅನ್ಯಾಯ. ಮಾತು ಮಾತೇ, ಗುಂಡು ಗುಂಡೇ. ಆದರೆ ದೋಷ ಇದೆ. ಎಸ್. ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಬಂದಾಗ ಅದು ಕೊಡುವ ಇತಿಹಾಸದ ಉಲ್ಲೇಖಗಳನ್ನು ಒಂದೊಂದಾಗಿ ಪರೀಕ್ಷಿಸುವ ಕೆಲಸಕ್ಕಿಂತ ಬೇಗ ಬಂದದ್ದು ಅವಹೇಳನ. ಭೈರಪ್ಪ ಕಾದಂಬರಿಕಾರರೇ ಅಲ್ಲ ಎಂಬ ಧಾಟಿಯ ಮಾತುಗಳು ಬಂದವು. ಸಾವಿರಾರು ಓದುಗರು ಆ ಪುಸ್ತಕ ಕೊಂಡು ಓದುತ್ತಿದ್ದಾಗ ‘ಇದನ್ನು ಮೆಚ್ಚುವವನು ಕೋಮುವಾದಿ’ ಎಂದು ಬಿಟ್ಟರೆ ಆ ಓದುಗ ಎಲ್ಲಿಗೆ ಹೋಗಬೇಕು? ಅವನ ಸಂಶಯಕ್ಕೆ ಉತ್ತರ ಸಿಗಲಿಲ್ಲ, ಅವಮಾನ ಸಿಕ್ಕಿತು. ತನ್ನನ್ನು ಹೀಯಾಳಿಸದೆ ಮಾತಾಡಿಸುವವರ ಕಡೆಗೆ ಅವನು ಹೊರಳಿದರೆ ಆಶ್ಚರ್ಯವಿಲ್ಲ.

ಇನ್ನು 2017–18ರ ಲಿಂಗಾಯತ ಪ್ರತ್ಯೇಕ ಧರ್ಮದ ಹೋರಾಟ. ಕರ್ನಾಟಕದಲ್ಲಿ ಒಂದು ಗಟ್ಟಿ ಪ್ರಶ್ನೆಯನ್ನು ಎರಡು ಪಾಳೆಯದ ಮಾತು ಹೇಗೆ ನುಂಗಿತು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. 2017ರ ಜುಲೈನಲ್ಲಿ ಬೀದರಿನಲ್ಲಿ ದೊಡ್ಡ ಸಮಾವೇಶ ಆಯಿತು. ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಎಚ್. ಎನ್. ನಾಗಮೋಹನದಾಸ್ ಅಧ್ಯಕ್ಷತೆಯ ಸಮಿತಿ ರಚನೆಯಾಗಿ 2018ರ ಮಾರ್ಚ್ ಮೊದಲ ವಾರದಲ್ಲೇ ವರದಿ ಕೊಟ್ಟಿತು. ಮಾರ್ಚ್ 19ರಂದು ಸಚಿವ ಸಂಪುಟ ಅದನ್ನು ಒಪ್ಪಿತು. ಮೇ 12ಕ್ಕೆ ಚುನಾವಣೆ. ಎಂಟುನೂರು ವರ್ಷದ ಪ್ರಶ್ನೆಯೊಂದಕ್ಕೆ ಸಿಕ್ಕಿದ ವೇಳೆ ಇಷ್ಟು. ಸಮಿತಿ ಏನು ಓದಿತು, ಯಾವ ಆಧಾರದಿಂದ ಏನು ಹೇಳಿತು ಎಂಬ ಚರ್ಚೆ ಹಳ್ಳಿಗೆ ಬರಲೇ ಇಲ್ಲ. ಹಳ್ಳಿಗೆ ಬಂದದ್ದು ‘ಧರ್ಮ ಒಡೆಯುವವರು’ ಮತ್ತು ‘ಮನುವಾದಿಗಳು’ ಎಂಬ ಎರಡು ಬೈಗುಳ.

ಆದರೆ ನಿಜವಾದ ಗೆರೆ ಪಕ್ಷಗಳ ನಡುವೆ ಇರಲೇ ಇಲ್ಲ. ಹೋರಾಟದ ಮುಂಚೂಣಿಯಲ್ಲಿದ್ದ ಎಂ. ಬಿ. ಪಾಟೀಲ, ವಿನಯ ಕುಲಕರ್ಣಿ ಕಾಂಗ್ರೆಸ್ಸಿಗರು. ಅದನ್ನು ವಿರೋಧಿಸಿದ ವೀರಶೈವ ಮಹಾಸಭೆಯ ಅಧ್ಯಕ್ಷ ಶಾಮನೂರು ಶಿವಶಂಕರಪ್ಪನವರೂ ಕಾಂಗ್ರೆಸ್ಸಿಗರೇ. 2018ರ ಅಕ್ಟೋಬರಿನಲ್ಲಿ ಕಾಂಗ್ರೆಸ್ಸಿನವರೇ ಆದ ಡಿ. ಕೆ. ಶಿವಕುಮಾರ್ ಗದಗಿನ ದಸರಾ ವೇದಿಕೆಯಲ್ಲಿ ನಿಂತು ಧರ್ಮದ ವಿಷಯಕ್ಕೆ ಸರ್ಕಾರ ಕೈಹಾಕಿದ್ದು ತಪ್ಪು ಎಂದು ಕ್ಷಮೆ ಕೇಳಿದರು, ಎಂ. ಬಿ. ಪಾಟೀಲರು ಅದನ್ನು ಒಪ್ಪಲಿಲ್ಲ. ವರ್ಷದ ಕೊನೆಗೆ ಕೇಂದ್ರ ಸರ್ಕಾರ ಶಿಫಾರಸನ್ನು ತಿರಸ್ಕರಿಸಿತು. ಪ್ರಶ್ನೆ ಮಾತ್ರ ಹಾಗೇ ಉಳಿಯಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ ಸಮೀಕ್ಷೆ ಶುರುವಾದಾಗ ಧರ್ಮದ ಕಾಲಮ್ಮಿನಲ್ಲಿ ಏನು ಬರೆಸಬೇಕು ಎಂದು ಅದೇ ಜಗಳ ಮತ್ತೆ ಎದ್ದಿತು. ಮುಂದಿನ ತಿಂಗಳು, ಬಸವತತ್ವದ ಪ್ರಚಾರಕ್ಕೆ ಹೊರಟಿದ್ದ ಮಠಾಧೀಶರ ಬಗ್ಗೆ ಆಡಿದ ಕೀಳು ಮಾತಿಗಾಗಿ ಕನೇರಿ ಮಠದ ಸ್ವಾಮೀಜಿಗೆ ವಿಜಯಪುರ ಜಿಲ್ಲಾಡಳಿತ ಪ್ರವೇಶ ನಿರ್ಬಂಧ ಹಾಕಬೇಕಾಯಿತು. ಕಾವಿ ತೊಟ್ಟವರ ಬಾಯಿಗೂ ಬೀದಿಯ ಭಾಷೆ ಬಂದರೆ ಊರಿನ ಹುಡುಗರಿಗೆ ಬುದ್ಧಿ ಹೇಳುವವರು ಯಾರು?

ಪಾಳೆಯದ ಲೆಕ್ಕ ತಪ್ಪಿದ ಸಂದರ್ಭಗಳೂ ಇವೆ. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿ ಪರಿಷ್ಕರಿಸಿದ ಪಠ್ಯದಲ್ಲಿ ಬಸವಣ್ಣನವರ ಪಾಠ ತಿರುಚಲಾಗಿದೆ ಎಂದು ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರಿಗೆ ಪತ್ರ ಬರೆದರು. ಆ ಆಕ್ಷೇಪ ಯಾವ ಪಾಠದ ಯಾವ ಮಾತು ತಪ್ಪು ಎಂದು ಬೆರಳಿಟ್ಟು ತೋರಿಸಿತ್ತು. ಎಡದವರದು ಎಂದು ತಳ್ಳಿಹಾಕಲು ಬರುವಂತಿರಲಿಲ್ಲ. ಸರ್ಕಾರ ತಿದ್ದುವುದಾಗಿ ಒಪ್ಪಿತು.

ಪಾಳೆಯದ ಮಾತಿನಲ್ಲಿ ನಿಜವಾದ ಪ್ರಶ್ನೆ ಕಳೆದುಹೋದದ್ದಕ್ಕೆ ಬಾದಾಮಿ ತಾಲ್ಲೂಕಿನ ಕೆರೂರು ಇನ್ನೊಂದು ಉದಾಹರಣೆ. 2022ರ ಜುಲೈ 6ರಂದು ಅಲ್ಲಿ ಎರಡು ಕೋಮಿನ ಯುವಕರ ನಡುವೆ ಹೊಡೆದಾಟ ಆಗಿ ಚೂರಿ ಇರಿತ, ಅಂಗಡಿ ವಾಹನಗಳಿಗೆ ಬೆಂಕಿ, ನಿಷೇಧಾಜ್ಞೆ ಎಲ್ಲ ಆಯಿತು. ಎರಡೂ ಕಡೆಯವರು ಆಸ್ಪತ್ರೆ ಸೇರಿದರು. ಆಗ ಬಾದಾಮಿಯ ಶಾಸಕರಾಗಿದ್ದ ಸಿದ್ದರಾಮಯ್ಯ ಕೆಲವು ದಿನಗಳ ನಂತರ ಬಾಗಲಕೋಟೆಯ ಆಸ್ಪತ್ರೆಗೆ ಹೋಗಿ ಗಾಯಾಳುಗಳನ್ನು ಮಾತಾಡಿಸಿ, ಮನೆಯವರ ಕೈಗೆ ಹಣ ಕೊಟ್ಟರು. ಕಾರು ಹೊರಡುವಾಗ ಗಾಯಗೊಂಡವರ ಮನೆಯ ಮಹಿಳೆಯೊಬ್ಬರು ಆ ನೋಟಿನ ಕಟ್ಟನ್ನು ಬೆಂಗಾವಲು ವಾಹನದ ಮೇಲೆ ಎಸೆದರು. ಹಣ ಬೇಡ, ನ್ಯಾಯ ಬೇಕು, ನೆಮ್ಮದಿ ಬೇಕು ಎಂಬುದು ಅವರ ಮಾತಿನ ಸಾರ. ಚುನಾವಣೆ ಬಂದಾಗ ಮಾತ್ರ ಬರುತ್ತೀರಿ ಎಂಬ ಸಿಟ್ಟೂ ಅದರಲ್ಲಿತ್ತು.

ಆ ಘಟನೆಯ ವಿಡಿಯೊ ಬಲುಬೇಗ ರಾಜ್ಯವನ್ನೆಲ್ಲ ಸುತ್ತಿತು. ಒಂದು ಪಾಳೆಯಕ್ಕೆ ಅದು ಸಿದ್ದರಾಮಯ್ಯನವರಿಗಾದ ಮುಖಭಂಗ. ಇನ್ನೊಂದು ಪಾಳೆಯಕ್ಕೆ ನೋವಿನಲ್ಲಿದ್ದ ಹೆಣ್ಣುಮಗಳ ತಾತ್ಕಾಲಿಕ ಕೋಪ, ಮುಚ್ಚಿಹಾಕಬೇಕಾದದ್ದು. ಆಕೆ ಕೇಳಿದ್ದನ್ನು ಯಾರಾದರೂ ಮುಂದುವರಿಸಿದರೇ? ಇಂಥ ಊರಲ್ಲಿ ಮತ್ತೆ ಹೊಡೆದಾಟ ಆಗದಂತೆ ಠಾಣೆ ಏನು ಮಾಡಬೇಕು, ಸುಟ್ಟ ಅಂಗಡಿಯವನಿಗೆ ಪರಿಹಾರ ಯಾವ ನಿಯಮದಡಿ ಬರಬೇಕು, ಕೋರ್ಟಿಗೆ ಹೋದ ಪ್ರಕರಣ ಎಷ್ಟು ದಿನದಲ್ಲಿ ಮುಗಿಯಬೇಕು ಎಂಬುವು ಉತ್ತರ ಇರುವ ಪ್ರಶ್ನೆಗಳು. ಉತ್ತರ ಇರುವ ಪ್ರಶ್ನೆಗಳಿಗೆ ಟಿವಿಯ ಪರದೆಯಲ್ಲಿ ಜಾಗ ಸಿಗುವುದಿಲ್ಲ.

ಮಾತಿನ ಬಗ್ಗೆ ಈವರೆಗೆ ಹೇಳಿದ್ದಕ್ಕೆ ಒಂದು ಗಂಭೀರ ಆಕ್ಷೇಪ ಇದೆ, ಅದನ್ನು ತಪ್ಪಿಸಿಕೊಂಡು ಹೋಗಬಾರದು. ಅನ್ಯಾಯ ಎದುರಿಗಿರುವಾಗ ಮೃದುವಾಗಿ ಮಾತಾಡಿ ಎನ್ನುವುದು ಅನ್ಯಾಯ ಮಾಡುವವನಿಗೇ ಅನುಕೂಲ ಅಲ್ಲವೇ? ಹನ್ನೆರಡನೆಯ ಶತಮಾನದ ಶರಣರು ಮೆತ್ತಗೆ ಮಾತಾಡಿದವರಲ್ಲ. ಕೇರಿಗೆ ನೀರು ಬಿಡದವರ ಎದುರು, ದೇವಸ್ಥಾನದ ಬಾಗಿಲು ಹಾಕಿದವರ ಎದುರು ದಲಿತನೊಬ್ಬ ದನಿ ಎತ್ತರಿಸಿದರೆ ಅದನ್ನು ಧ್ರುವೀಕರಣ ಎಂದು ಕರೆಯುವುದು ನಾಚಿಕೆಗೇಡು. ಈ ಮಾತು ಪೂರ್ತಿ ಸರಿ. ಆದರೆ ಶರಣರ ಕಟುಮಾತು ಬಿದ್ದದ್ದು ನಡೆಯ ಮೇಲೆ. ಮಾಡಬಾರದ್ದನ್ನು ಮಾಡಿದರೆ ತಮ್ಮವರನ್ನೂ, ತಮ್ಮನ್ನೂ ಅವರು ಬಿಡಲಿಲ್ಲ. ಇಂದಿನ ಪಾಳೆಯದ ಮಾತು ತನ್ನವನನ್ನು ಮುಟ್ಟುವುದೇ ಇಲ್ಲ. ಭ್ರಷ್ಟ ತನ್ನ ಪಕ್ಷದವನಾದರೆ ‘ಅವರ ಕಾಲದಲ್ಲಿ ಆಗಿರಲಿಲ್ಲವೇ’ ಎಂಬ ಉತ್ತರ ತಯಾರಿರುತ್ತದೆ. ಬೈಯುವುದು ಅಪರಾಧವಲ್ಲ. ಬೈಗುಳದಲ್ಲಿ ಕೃತ್ಯದ ಹೆಸರಿದೆಯೋ ಬರೀ ವ್ಯಕ್ತಿಯ ಹೆಸರಿದೆಯೋ ಎಂದು ನೋಡಿದರೆ ಸಾಕು, ಸಿಟ್ಟು ನ್ಯಾಯದ್ದೋ ಪಾಳೆಯದ್ದೋ ತಿಳಿಯುತ್ತದೆ.

ಕಾನೂನಿನಿಂದ ಈ ಪಾಳೆಯದ ಮಾತು ತಿದ್ದಿಕೊಳ್ಳುತ್ತದೆ ಎಂಬ ಭರವಸೆಯೂ ಹೆಚ್ಚಿಲ್ಲ. 2025ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆಯುವ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟದ್ದೂ ಗದ್ದಲದ ನಡುವೆಯೇ. ಕೊಲ್ಲಲು ಕರೆಕೊಡುವವನನ್ನು ಕಾನೂನು ಹಿಡಿಯಲಿ, ಹಿಡಿಯಲೇಬೇಕು. ಕೇಳಿಸಿಕೊಳ್ಳದವನಿಗೆ ಕೇಳಿಸಿಕೊಳ್ಳುವುದನ್ನು ಕಲಿಸಲು ಅದಕ್ಕೆ ಬರುವುದಿಲ್ಲ.

ಎದುರಾಳಿಗಳು ಒಂದೇ ಕೆಲಸಕ್ಕೆ ಕೈಜೋಡಿಸಿದ ಉದಾಹರಣೆ ಈ ರಾಜ್ಯದ್ದೇ ಇದೆ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರಕ್ಕೆ ಸ್ವಂತ ಬಹುಮತ ಇರಲಿಲ್ಲ. ಹೊರಗಿನಿಂದ ಅದನ್ನು ಹೊತ್ತು ನಿಂತವರು 18 ಶಾಸಕರ ಬಿಜೆಪಿ ಮತ್ತು ಎರಡು ಕಮ್ಯುನಿಸ್ಟ್ ಪಕ್ಷಗಳು. ಒಬ್ಬರ ಕಾರ್ಯಾಲಯಕ್ಕೆ ಇನ್ನೊಬ್ಬರು ಕಾಲಿಡದ ಪಕ್ಷಗಳು ಕಾಂಗ್ರೆಸ್ಸೇತರ ಸರ್ಕಾರವನ್ನು ನಡೆಸಿಕೊಡುವ ಒಂದು ಗುರಿಗೆ ಒಟ್ಟಾದವು. ಯಾರೂ ತಮ್ಮ ಸಿದ್ಧಾಂತ ಬಿಡಲಿಲ್ಲ. ಅದೇ ಹೆಗಡೆಯವರು 1991ರಲ್ಲಿ ಬಾಗಲಕೋಟೆ ಲೋಕಸಭೆಗೆ ನಿಂತು ಸಿದ್ದು ನ್ಯಾಮಗೌಡರ ಎದುರು ಸೋತರು. ಜಮಖಂಡಿಯ ಚಿಕ್ಕಪಡಸಲಗಿಯಲ್ಲಿ ರೈತರ ಹಣ, ರೈತರ ಮೈದುಡಿಮೆಯಿಂದ ಕೃಷ್ಣೆಗೆ ಬ್ಯಾರೇಜ್ ಕಟ್ಟಿಸಿದ ಮನುಷ್ಯ ನ್ಯಾಮಗೌಡರು. ಆ ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೂ ಮಾಜಿ ಮುಖ್ಯಮಂತ್ರಿಯ ಮಾತುಗಾರಿಕೆಯ ಎದುರು ‘ಬ್ಯಾರೇಜ್ ಸಿದ್ದು’ ಎಂಬ ಹೆಸರು ನಿಲ್ಲಬಲ್ಲದು ಎಂದು ಈ ಜಿಲ್ಲೆ ತೋರಿಸಿತು.

ಮನಸ್ಸು ಬದಲಿಸುವ ಮಾತು ಹೇಗಿರುತ್ತದೆ ಎಂಬುದನ್ನೂ ಇಲ್ಲೇ ನೋಡಬಹುದಿತ್ತು. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಮನೆಮನೆಗೆ, ಊರೂರಿಗೆ ಹೋಗುತ್ತಿದ್ದರು. ಕಾಳು ಕಡಿ ಬೇಡುವುದಕ್ಕಲ್ಲ. ನಿನ್ನ ಕುಡಿತ ಇದರೊಳಗೆ ಹಾಕು, ನಿನ್ನ ಬೀಡಿ, ಗುಟ್ಕಾ ಹಾಕು ಎಂದು ಕೇಳುವುದಕ್ಕೆ. ಕುಡುಕ ಎಂದು ಬೈಸಿಕೊಂಡು ಕಲ್ಲಾದವನ ಮುಂದೆ ಮಠದ ಸ್ವಾಮಿ ಬಂದು ಕೈಯೊಡ್ಡಿ ನಿಂತರೆ ಅವನಿಗೆ ಬಾಗಿಲು ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಹೆಂಡತಿ ಮಕ್ಕಳ ಎದುರೇ ಬಾಟಲಿಯೋ ಬೀಡಿಯ ಕಟ್ಟೋ ಜೋಳಿಗೆಗೆ ಬೀಳುತ್ತಿತ್ತು. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು; ಅವರ ಜನ್ಮದಿನ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಮದ್ಯದ ವಿಷಯದಲ್ಲಿ ಅವರ ನಿಲುವು ಎಳ್ಳಷ್ಟೂ ಸಡಿಲ ಇರಲಿಲ್ಲ. ಎದುರಿಗಿದ್ದವನ ಮರ್ಯಾದೆಗೆ ಮಾತ್ರ ಅವರು ಕೈಹಾಕಲಿಲ್ಲ.

ಈಗ ಮರೋಳಕ್ಕೆ ಬರೋಣ. ರಾಮಥಾಳ (ಮರೋಳ) ಏತ ನೀರಾವರಿ ಯೋಜನೆಯ ಎರಡನೇ ಹಂತ ಎಂದರೆ ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಹುನಗುಂದ ತಾಲ್ಲೂಕಿನ 24,000 ಹೆಕ್ಟೇರ್ ಹೊಲಗಳಿಗೆ ಹನಿ ನೀರಾವರಿಯಲ್ಲಿ ಕೊಡುವ ಕೆಲಸ. ಸಿದ್ದರಾಮಯ್ಯನವರ ಮೊದಲ ಸರ್ಕಾರದ ಕಾಲದಲ್ಲಿ ಏಷ್ಯಾದಲ್ಲೇ ದೊಡ್ಡದು ಎಂದು ಅದನ್ನು ಹೊಗಳಿದ್ದರು. ಜೈನ್ ಇರಿಗೇಶನ್ ಮತ್ತು ನೆಟಾಫಿಮ್ ಕಂಪನಿಗಳು ಪೈಪು ಹಾಸಿದವು. ಅಂದುಕೊಂಡಷ್ಟು ಹೊಲಕ್ಕೆ ನೀರು ತಲುಪಿಲ್ಲ ಎಂಬ ರೈತರ ದೂರು ಹಳೆಯದು.

ಉದಾರವಾದಿಗೂ ಸಂಪ್ರದಾಯವಾದಿಗೂ ವಾದ ಮಾಡಲು ಇದಕ್ಕಿಂತ ಒಳ್ಳೆಯ ವಿಷಯ ಬೇಕೇ? ಎರಿ ಭೂಮಿಯಲ್ಲಿ ಒಡ್ಡು ಹಾಕಿ, ಹಿಂಗಾರಿ ಮಳೆಯ ಹಸಿ ಹಿಡಿದು ಬಿಳಿಜೋಳ, ಕಡಲೆ ಬೆಳೆದ ಅಜ್ಜಂದಿರ ಬೇಸಾಯದಲ್ಲಿ ಉಳಿಸಿಕೊಳ್ಳಬೇಕಾದದ್ದು ಏನು ಎಂದು ಸಂಪ್ರದಾಯವಾದಿ ಕೇಳಲಿ. ಸಣ್ಣ ರೈತ, ಭೂಮಿ ಇಲ್ಲದ ಕೂಲಿ ಹೆಣ್ಣುಮಗಳು ಈ ನೀರಿನಿಂದ ಪಡೆದದ್ದು ಎಷ್ಟು ಎಂದು ಉದಾರವಾದಿ ಕೇಳಲಿ. ಸರ್ಕಾರ ದೊಡ್ಡ ಯೋಜನೆ ಮಾಡಿ ಹೊಲದ ತನಕ ನಿಭಾಯಿಸಬಲ್ಲುದೇ? ಕಂಪನಿಯ ನಿರ್ವಹಣೆಯ ಅವಧಿ ಮುಗಿದ ಮೇಲೆ ಒಡೆದ ಪೈಪು, ಕಟ್ಟಿಕೊಂಡ ಫಿಲ್ಟರು ಯಾರ ಜವಾಬ್ದಾರಿ? ಚಿಕ್ಕಪಡಸಲಗಿಯಂತೆ ರೈತರ ಸಂಘವೇ ವಹಿಸಿಕೊಂಡರೆ ಆದೀತೇ? ಇವುಗಳಿಗೆ ಎರಡು ಪ್ರಾಮಾಣಿಕ ಉತ್ತರಗಳಿವೆ, ಎರಡಕ್ಕೂ ಮರ್ಯಾದೆ ಇದೆ. ಆದರೆ ಈ ಯೋಜನೆ ಕಾಂಗ್ರೆಸ್ಸಿನದೋ ಬಿಜೆಪಿಯದೋ ಎಂಬ ಒಂದೇ ಪ್ರಶ್ನೆ ಎದ್ದರೆ ಹೊಲ ಒಣಗಿಯೇ ಇರುತ್ತದೆ.

ಈ ವಾದಕ್ಕೆ ಜಾಗಗಳೂ ಕಡಿಮೆಯಾಗಿವೆ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ, ಎರಡೂ ಪಕ್ಷಗಳ ಸರ್ಕಾರಗಳು ಬಂದರೂ ನಡೆಯಲಿಲ್ಲ. ಉಳಿದಿರುವುದು ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಅದನ್ನು ಕರೆಯಬೇಕೆಂದು ಪಂಚಾಯತ್ ರಾಜ್ ಕಾನೂನು ಹೇಳುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಮರೋಳದವರು, ಸುತ್ತಲಿನ ಊರಿನವರು ಹನಿ ನೀರಾವರಿಯ ಲೆಕ್ಕವನ್ನು ವಿಷಯಪಟ್ಟಿಯ ಮೊದಲಿಗೆ ಹಾಕಿಸಲಿ. ಯಾವ ಸರ್ವೆ ನಂಬರಿಗೆ ನೀರು ಬಂತು, ಯಾವುದಕ್ಕೆ ಬರಲಿಲ್ಲ ಎಂದು ಅಧಿಕಾರಿಯಿಂದ ಓದಿಸಲಿ. ಎದ್ದು ನಿಂತು ಪ್ರಶ್ನೆ ಕೇಳಿದವನು ಯಾರ ಕಡೆಯವನೆಂದು ಆ ದಿನ ಯಾರೂ ಕೇಳದಿರಲಿ.